ಒಂದು ಗಾಯರಾಣ, ಎರಡು ಕಚೇರಿ

ನಮ್ಮ ಕಡೆ ಯಾರನ್ನಾದರೂ ಹುಡುಕಿಕೊಂಡು ಮನೆಗೆ ಹೋದರೆ, ‘ಅಡವಿಗೆ ಹೋಗ್ಯಾರ್ರಿ’ ಎಂಬ ಉತ್ತರ ಬರುತ್ತದೆ. ಮಲೆನಾಡಿನವರು ಇದನ್ನು ಕೇಳಿದರೆ ಅವರ ಕಣ್ಣ ಮುಂದೆ ದಟ್ಟ ಕಾಡು ಬಂದೀತು. ಪೋತ್ನಾಳ, ಮಾನ್ವಿ, ದೇವದುರ್ಗದವರಿಗೆ ಅಡವಿಯೆಂದರೆ ಊರ ಹೊರಗಿನದೆಲ್ಲ. ಎರೆ ಹೊಲ, ಮಸಾರಿ ದಿನ್ನೆ, ಹಳ್ಳದ ದಂಡೆಯ ಜಾಲಿ, ಬಂಡೆಗುಡ್ಡ, ದನ ಬಿಡುವ ಬಯಲು ಎಲ್ಲವೂ ಅದರೊಳಗೆ ಬಂತು. ಹೊಲ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ನಮ್ಮ ಮಾತು ಗೆರೆ ಎಳೆದಿಲ್ಲ. ಆ ಗೆರೆ ಎಳೆದದ್ದು ಸರ್ಕಾರದ ಕಚೇರಿಗಳು. ಗೆರೆ ಹೇಗೆ ಬಿತ್ತು, ಬಿದ್ದ ಮೇಲೆ ನೆಲಕ್ಕೆ ಏನಾಯಿತು ಎಂಬುದನ್ನು ಈ ಸಂಚಿಕೆಯ ಓದುಗರ ಮುಂದೆ ಇಡಬೇಕೆಂಬುದು ನನ್ನ ಆಸೆ. ಅರಮನೆ, ಕೋಟೆ, ಮಠಗಳ ಇತಿಹಾಸವನ್ನು ನಾವು ಬರೆದುಕೊಂಡಿದ್ದೇವೆ. ದನ ಮೇಯ್ದ ನೆಲದ ಇತಿಹಾಸ ಬರೆದುಕೊಂಡಿಲ್ಲ.

ರಾಯಚೂರು ಜಿಲ್ಲೆಯ ಭೌಗೋಳಿಕ ವಿಸ್ತೀರ್ಣ ಎಂಟು ಲಕ್ಷ ಹೆಕ್ಟೇರಿಗೂ ಹೆಚ್ಚು. ಅದರಲ್ಲಿ ಕಾಗದದ ಮೇಲೆ ಅರಣ್ಯವೆಂದು ದಾಖಲಾಗಿರುವುದು ನೂರಕ್ಕೆ ಎರಡರ ಆಸುಪಾಸು. 1952ರ ರಾಷ್ಟ್ರೀಯ ಅರಣ್ಯ ನೀತಿಯೂ 1988ರ ನೀತಿಯೂ ದೇಶದ ಮೂರನೆಯ ಒಂದು ಭಾಗ ಕಾಡಿರಬೇಕೆಂದು ಹೇಳಿದವು. ಆ ಅಳತೆಗೋಲು ಹಿಡಿದರೆ ನಮ್ಮದು ಬರೀ ಕೊರತೆಯ ಕಥೆ. ಆದರೆ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬ್ ಎಂದೂ ಮರದ ಕಾಡಿನ ನಾಡಾಗಿರಲಿಲ್ಲ. ಇಲ್ಲಿ ಎಲ್ಲರಿಗೂ ಸೇರಿದ ನೆಲ ಇದ್ದದ್ದು ಬೇರೆ ರೂಪದಲ್ಲಿ, ಅದರ ಹೆಸರು ಗಾಯರಾಣ.

ಮರಾಠಿಯಿಂದ ಬಂದ ಈ ಪದದಲ್ಲಿ ಗಾಯ್ ಎಂದರೆ ಆಕಳು, ರಾನ್ ಎಂದರೆ ಅಡವಿ. ಮೈಸೂರು ಕಡೆಯವರು ಗೋಮಾಳ ಎನ್ನುವುದನ್ನು ನಾವು ಗಾಯರಾಣ ಎನ್ನುತ್ತೇವೆ. ಆಕಳು, ಅಡವಿ ಎರಡನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿದೆ. ಕಾನೂನು ಮಾತ್ರ ಆಕಳನ್ನು ಕಂದಾಯ ಇಲಾಖೆಗೂ ಅಡವಿಯನ್ನು ಅರಣ್ಯ ಇಲಾಖೆಗೂ ಹಂಚಿತು. ನಮ್ಮ ಸಾರ್ವಜನಿಕ ಭೂಮಿಯ ಮುಕ್ಕಾಲು ಸಂಕಟ ಈ ಹಂಚಿಕೆಯಿಂದ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಹಂಚಿಕೆ ಶುರುವಾದದ್ದು ನಿಜಾಮರ ಕಾಲದಲ್ಲಿ. 1853ರ ಒಪ್ಪಂದದಂತೆ ರಾಯಚೂರು ದೋಆಬ್ ಬ್ರಿಟಿಷರ ಕೈಸೇರಿ, 1860ರಲ್ಲಿ ಮತ್ತೆ ಹೈದರಾಬಾದಿಗೆ ಮರಳಿತು. ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ 1865ರಲ್ಲಿ ಜಿಲ್ಲಾಬಂದಿ ನಡೆದು ಜಿಲ್ಲೆ ತಾಲ್ಲೂಕುಗಳ ಆಡಳಿತ ರೂಪುಗೊಂಡಿತು. ಮುಂದೆ ಮೋಜಣಿ ಬಂತು, ಸರ್ವೆ ನಂಬರು ಬಂತು, ಊರಿಗೊಬ್ಬ ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ ಬಂದರು. ಫಸಲಿ 1317ರ, ಅಂದರೆ 1907-08ರ ಹೈದರಾಬಾದ್ ಭೂಕಂದಾಯ ಕಾಯ್ದೆ ಈ ವ್ಯವಸ್ಥೆಗೆ ಲಿಖಿತ ಕಟ್ಟು ಹಾಕಿತು. ಯಾವ ನೆಲಕ್ಕೆ ಪಟ್ಟಾ ಇಲ್ಲವೋ ಅದು ಸರ್ಕಾರಿ. ಖಾರಿಜ್ ಖಾತಾ, ಪರಂಪೋಕ, ಗಾಯರಾಣ, ಬಂಚರಾಯಿ ಇವೆಲ್ಲ ಆ ಸರ್ಕಾರಿ ನೆಲದ ಒಳಹೆಸರುಗಳು. ಇಂದಿಗೂ ಪಹಣಿ ತೆಗೆಸಿದರೆ ಈ ಪದಗಳೇ ಕಾಣುತ್ತವೆ. ನೂರು ವರ್ಷದ ಹಿಂದಿನ ಪಟವಾರಿಯ ಉರ್ದು ಬರಹ ಇಂದಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವಾಗಿ ಕುಳಿತಿದೆ.

ಕಾಡಿನ ಕಾನೂನು ಬೇರೆ ದಾರಿಯಲ್ಲಿ ಬಂತು. ಬ್ರಿಟಿಷ್ ಇಂಡಿಯಾದಲ್ಲಿ 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕರಾದರು, ಅದೇ ವರ್ಷ ಮೈಸೂರು ಸಂಸ್ಥಾನದ ಅರಣ್ಯ ಇಲಾಖೆಯೂ ಹುಟ್ಟಿತು. ನಮ್ಮ ಕಡೆ ಕೊನೆಗೆ ಜಾರಿಯಲ್ಲಿದ್ದ ಹೈದರಾಬಾದ್ ಅರಣ್ಯ ಕಾಯ್ದೆ ಫಸಲಿ 1355ರದು, ಅಂದರೆ 1945ರ ಕೊನೆಯದು. ಮೂರು ವರ್ಷ ತುಂಬುವುದರೊಳಗೆ, 1948ರ ಸೆಪ್ಟೆಂಬರಿನಲ್ಲಿ, ನಿಜಾಮರ ಆಡಳಿತವೇ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಜಾಗೀರು ಹಳ್ಳಿಗಳ ಗುಡ್ಡ ಬಯಲುಗಳೂ ಸರ್ಕಾರದ ಲೆಕ್ಕಕ್ಕೆ ಬಂದವು. ಅಲ್ಲಿಯವರೆಗೆ ಆ ಊರುಗಳ ಮೇವು, ಕಟ್ಟಿಗೆ, ಹುಣಸೆಯ ಮೇಲೆ ಜಾಗೀರುದಾರನ ಮಾತು ನಡೆಯುತ್ತಿತ್ತು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸ ರಾಜ್ಯದೊಳಗೆ ಕಾಡಿಗೆ ಒಂದೇ ಕಾನೂನು ಇರಲಿಲ್ಲ. ಹಳೆ ಮೈಸೂರಿಗೆ 1900ರ ಕಾಯ್ದೆ, ಮುಂಬೈ ಕರ್ನಾಟಕಕ್ಕೆ 1927ರ ಭಾರತೀಯ ಅರಣ್ಯ ಕಾಯ್ದೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೆ 1882ರ ಮದ್ರಾಸ್ ಕಾಯ್ದೆ, ನಮಗೆ ನಿಜಾಮರದು. ಎಲ್ಲವನ್ನೂ ಒಂದು ಮಾಡಿದ್ದು 1963ರ ಅರಣ್ಯ ಕಾಯ್ದೆ. ಅದು ನಿಯಮಗಳ ಸಹಿತ ಜಾರಿಗೆ ಬರುವಾಗ 1969 ಆಗಿತ್ತು.

ಈ ಕಾಯ್ದೆಯ ನಾಲ್ಕನೆಯ ಮತ್ತು ಹದಿನೇಳನೆಯ ಸೆಕ್ಷನ್‌ಗಳ ಹೆಸರು ರೈತರ ಬಾಯಲ್ಲೂ ಇದೆ. ಅವುಗಳ ನಡುವಿನ ದಾರಿ ಮಾತ್ರ ಬಹುಪಾಲು ಜನರಿಗೆ ಗೊತ್ತಿಲ್ಲ. ನಾಲ್ಕನೆಯ ಸೆಕ್ಷನ್ ಅಧಿಸೂಚನೆ ಹೊರಡಿಸಿದರೆ, ‘ಈ ನೆಲವನ್ನು ಮೀಸಲು ಅರಣ್ಯ ಮಾಡುವ ಉದ್ದೇಶವಿದೆ’ ಎಂದಷ್ಟೇ ಸರ್ಕಾರ ಹೇಳಿದಂತೆ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ನೇಮಕವಾಗಬೇಕು. ಆತ ಊರೂರಿಗೆ ಪ್ರಕಟಣೆ ಹೊರಡಿಸಿ, ದಾರಿಯ ಹಕ್ಕು, ದನ ಮೇಯಿಸುವ ಹಕ್ಕು, ನೀರಿನ ಹಕ್ಕು ಯಾರಿಗಿದೆ ಎಂದು ಕೇಳಬೇಕು. ಅಹವಾಲು ಕೇಳಿ ತೀರ್ಮಾನ ಬರೆಯಬೇಕು. ಮೇಲ್ಮನವಿ ಮುಗಿಯಬೇಕು. ಇದೆಲ್ಲ ಆದ ಮೇಲೆ ಹದಿನೇಳನೆಯ ಸೆಕ್ಷನ್ ಅಧಿಸೂಚನೆ ಬಂದು ನೆಲ ಮೀಸಲು ಅರಣ್ಯವಾಗುತ್ತದೆ. ಓದಿದರೆ ನ್ಯಾಯವಾದ ಏರ್ಪಾಡು. ಆದರೆ ಬರಹದ ಕಾಗದ ಇಲ್ಲದವನ, ತಲೆಮಾರಿನಿಂದ ದನ ಹೊಡೆದುಕೊಂಡು ಹೋದದ್ದೇ ಸಾಕ್ಷಿಯಾದವನ ಹಕ್ಕು ಇಂಥ ವಿಚಾರಣೆಯಲ್ಲಿ ಎಷ್ಟು ನಿಂತೀತು? ನಾಲ್ಕು ಹದಿನೇಳರ ನಡುವೆ ದಶಕಗಟ್ಟಲೆ ನಿಂತುಹೋದ ನೆಲ ರಾಜ್ಯದ ಉದ್ದಗಲಕ್ಕೂ ಇದೆ. ಅಲ್ಲಿ ಉಳುವವನಿಗೂ ನೆಮ್ಮದಿಯಿಲ್ಲ, ಗಿಡ ನೆಡುವ ಗಾರ್ಡಿಗೂ ನೆಮ್ಮದಿಯಿಲ್ಲ.

ಆಕಳಿನ ಪಾಲು ಹೋದದ್ದು 1964ರ ಭೂಕಂದಾಯ ಕಾಯ್ದೆಗೆ. ಅದರ 71ನೆಯ ಸೆಕ್ಷನ್ ಊರ ದನಗಳ ಉಚಿತ ಮೇವಿಗೆ ಸರ್ಕಾರಿ ನೆಲ ತೆಗೆದಿಡಲು ಅವಕಾಶ ಕೊಡುತ್ತದೆ. 1966ರ ನಿಯಮಾವಳಿಯ 97ನೆಯ ನಿಯಮ ಅಳತೆಯನ್ನೂ ಕೊಟ್ಟಿತು: ನೂರು ದನಕ್ಕೆ 12 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 30 ಎಕರೆ. ಒಂದು ದನದ ಪಾಲಿಗೆ ಹನ್ನೆರಡು ಗುಂಟೆ ಬರುತ್ತದೆ. ಮಳೆ ಕಡಿಮೆಯಿರುವ ಈ ಮಸಾರಿ ದಿನ್ನೆಗಳಲ್ಲಿ ಹನ್ನೆರಡು ಗುಂಟೆಯ ಹುಲ್ಲು ಒಂದು ಆಕಳನ್ನು ವರ್ಷಪೂರ್ತಿ ಸಾಕಲಾರದು. ಆದರೂ ಅದು ಊರಿನ ಹಕ್ಕಾಗಿತ್ತು, ಅದಕ್ಕೆ ಯಾರೂ ಬಾಡಿಗೆ ಕೊಡಬೇಕಾಗಿರಲಿಲ್ಲ.

ಅದೇ ನಿಯಮದೊಳಗೆ ಇನ್ನೊಂದು ಬಾಗಿಲಿದೆ. ದನಗಳ ಸಂಖ್ಯೆಗೆ ಬೇಕಾದಷ್ಟಕ್ಕಿಂತ ಹೆಚ್ಚು ನೆಲವಿದ್ದರೆ ಜಿಲ್ಲಾಧಿಕಾರಿ ಅದನ್ನು ಕಡಿಮೆ ಮಾಡಬಹುದು. ಗಾಯರಾಣ ಕರಗಿದ ಕಥೆಯ ಕೀಲಿ ಇಲ್ಲಿದೆ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು. ಎತ್ತು ಹೋದಂತೆ ದನದ ಲೆಕ್ಕ ಇಳಿಯಿತು. ಲೆಕ್ಕ ಇಳಿದಂತೆ ಗಾಯರಾಣ ‘ಹೆಚ್ಚುವರಿ’ಯಾಯಿತು. ಹೆಚ್ಚುವರಿಯಾದ ನೆಲ ಶಾಲೆಗೆ, ನಿವೇಶನಕ್ಕೆ, ವಿದ್ಯುತ್ ಕೇಂದ್ರಕ್ಕೆ, ಸಾಗುವಳಿಗೆ ಮಂಜೂರಾಯಿತು. ಮೇವಿನ ನೆಲ ಕಡಿಮೆಯಾದಾಗ ಉಳಿದ ದನಗಳೂ ಸಂತೆಗೆ ಹೋದವು. ಆಗ ಇನ್ನಷ್ಟು ನೆಲ ಹೆಚ್ಚುವರಿ. ದನವನ್ನು ಕಾಯಲೆಂದು ಬರೆದ ನಿಯಮವೇ ದನದ ನೆಲವನ್ನು ಕತ್ತರಿಸುವ ಅಳತೆಯಾಯಿತು. ಅದರಲ್ಲಿ ಹುಲ್ಲಿನ ಲೆಕ್ಕವಿರಲಿಲ್ಲ, ಹಳ್ಳಕ್ಕೆ ಹರಿಯುವ ನೀರಿನ ಲೆಕ್ಕವಿರಲಿಲ್ಲ, ಕಟ್ಟಿಗೆ ಆಯುವ ಹೆಣ್ಣುಮಕ್ಕಳ ಲೆಕ್ಕವಂತೂ ಇರಲೇ ಇಲ್ಲ.

ಆಕಳು ಅಡವಿಗಳನ್ನು ಎರಡು ಕಚೇರಿಗೆ ಹಂಚಿದ್ದು ನಾವೊಬ್ಬರೇ ಅಲ್ಲ. ಅಮೆರಿಕದ ಪಶ್ಚಿಮದ ಗುಡ್ಡಗಾಡು ರಾಜ್ಯಗಳಲ್ಲಿ ಸಾರ್ವಜನಿಕ ಭೂಮಿ ನಮ್ಮ ಊಹೆಗೆ ಮೀರಿದಷ್ಟಿದೆ. ನೆವಾಡಾ ರಾಜ್ಯದ ನೂರಕ್ಕೆ 80ರಷ್ಟು ನೆಲ ಕೇಂದ್ರ ಸರ್ಕಾರದ್ದೇ. ಆ ದೇಶದಲ್ಲಿ 1905ರಲ್ಲಿ ಗಿಫರ್ಡ್ ಪಿಂಚಾಟ್ ಮುಂದಾಳತ್ವದಲ್ಲಿ ಅರಣ್ಯ ಸೇವೆ ಹುಟ್ಟಿ ಕೃಷಿ ಇಲಾಖೆಯ ಕೆಳಗೆ ಬಂತು. ಹುಲ್ಲುಗಾವಲು ಮಾತ್ರ ಆಂತರಿಕ ಇಲಾಖೆಯಲ್ಲಿ ಉಳಿಯಿತು. 1934ರ ಟೇಲರ್ ಮೇವು ಕಾಯ್ದೆಯವರೆಗೆ ಅದಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಯಾರ ದನ ಮೊದಲು ಹೋಯಿತೋ ಅವರದೇ ಮೇವು, ಹುಲ್ಲು ಬೇರುಸಹಿತ ಹೋಗಿ ಧೂಳೆದ್ದ ಮೇಲೆ ಕಾನೂನು ಬಂತು. 1946ರಲ್ಲಿ ಭೂ ನಿರ್ವಹಣಾ ಬ್ಯೂರೋ ರಚನೆಯಾಯಿತು. ಬೇಲಿಯ ಒಂದು ಕಡೆ ಒಂದು ಇಲಾಖೆಯ ಪರವಾನಗಿ, ಇನ್ನೊಂದು ಕಡೆ ಇನ್ನೊಂದು ಇಲಾಖೆಯ ಪರವಾನಗಿ ಎಂಬ ಗೋಳು ಅಲ್ಲಿನ ದನಗಾಹಿಗಳಿಗೂ ಇದೆ. ಒಂದು ವ್ಯತ್ಯಾಸ ದೊಡ್ಡದು. ಅಲ್ಲಿ ಯಾವ ತುಂಡು ನೆಲದಲ್ಲಿ ಯಾರ ಎಷ್ಟು ದನ ಎಷ್ಟು ತಿಂಗಳು ಮೇಯಬೇಕೆಂಬುದನ್ನು ಇಲಾಖೆ ಬರೆದಿಡುತ್ತದೆ. ನಮ್ಮಲ್ಲಿ ಎಷ್ಟು ದನ ಎಂಬ ಲೆಕ್ಕ ಮಾತ್ರ ಬರೆದರು. ಮೇಯಿಸುವ ಕ್ರಮವನ್ನು ಊರಿಗೆ ಬಿಟ್ಟರು, ಊರಿಗೆ ಅಧಿಕಾರ ಕೊಡಲಿಲ್ಲ.

ಈ ನೆಲದ ಹಣೆಬರಹ ಬದಲಿಸಿದ್ದು ಕಾಲುವೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಡಲು ಶುರುಮಾಡಿತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹರಿಯಿತು. ರಾಯಚೂರು–ಸಿಂಧನೂರು ರಸ್ತೆಯ ಮೇಲಿನ ಪೋತ್ನಾಳದ ಸುತ್ತಲಿನ ನೆಲ ಜೋಳದಿಂದ ಭತ್ತಕ್ಕೆ ತಿರುಗಿತು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ದೇವದುರ್ಗದ ಕಡೆಗೆ ನೀರು ಬಂದದ್ದು ತಡವಾಗಿ, ನಾರಾಯಣಪುರ ಬಲದಂಡೆ ಕಾಲುವೆಯಿಂದ. ನೀರು ಮುಟ್ಟಿದ ಕಡೆಯೆಲ್ಲ ನೆಲಕ್ಕೆ ಬೆಲೆ ಬಂತು. ನಿನ್ನೆಯವರೆಗೆ ಯಾರಿಗೂ ಬೇಡದ ದಿನ್ನೆ ಇಂದು ಗದ್ದೆಯಾಗುವ ನೆಲವಾಯಿತು.

ಬೆಲೆ ಬಂದ ಸರ್ಕಾರಿ ನೆಲಕ್ಕೆ ನೇಗಿಲು ಇಳಿಯಿತು. ಅದಕ್ಕೆ ಬಗರ್ ಹುಕುಂ ಎನ್ನುತ್ತಾರೆ, ಅಂದರೆ ಹುಕುಂ ಇಲ್ಲದೆ ಮಾಡಿದ ಸಾಗುವಳಿ. ಅದನ್ನು ಸಕ್ರಮ ಮಾಡಿಸಿಕೊಳ್ಳುವ ಅರ್ಜಿಗಳು ಮೂರು: 1990ರ ಏಪ್ರಿಲ್ 14ಕ್ಕಿಂತ ಮೊದಲಿನ ಸಾಗುವಳಿಗೆ ನಮೂನೆ 50, ಆಮೇಲೆ ನಮೂನೆ 53, 2018ರ ನಂತರ ನಮೂನೆ 57. ಮೂರು ಸಲ ಬಾಗಿಲು ತೆರೆಯಿತು. ಇದನ್ನು ಕುರಿತು ಮಾತಾಡುವಾಗ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಜಾತಿಯ ಕಾರಣಕ್ಕೆ ಒಂದು ಗುಂಟೆ ಪಟ್ಟಾ ನೆಲ ಕಾಣದ ಕುಟುಂಬ ಗಾಯರಾಣದಲ್ಲಿ ಕಲ್ಲು ಆಯ್ದು ಎರಡು ಎಕರೆ ಹೊಲ ಮಾಡಿಕೊಂಡರೆ ಅದನ್ನು ಕಬಳಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹತ್ತಾರು ಎಕರೆ ಪಟ್ಟಾ ಇದ್ದವರು ಬದುವನ್ನು ವರ್ಷಕ್ಕೆ ಇಷ್ಟಿಷ್ಟು ಸರಿಸುತ್ತ ಹಳ್ಳದ ದಂಡೆಯವರೆಗೆ ಹೋದದ್ದು ಕಬಳಿಕೆಯೇ. ರಾಜ್ಯದಲ್ಲಿ ಎ.ಟಿ. ರಾಮಸ್ವಾಮಿ ನೇತೃತ್ವದ ಸಮಿತಿಯೂ ಆಮೇಲೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆಯೂ ಸಾರ್ವಜನಿಕ ಭೂಮಿ ಯಾರ ಯಾರ ಕೈಸೇರಿತೆಂದು ಬರೆದಿಟ್ಟಿವೆ. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರ ಸಾಮೂಹಿಕ ನೆಲವನ್ನು ಊರಿಗೇ ಮರಳಿಸಬೇಕೆಂದೂ ಭೂರಹಿತರಿಗೆ, ಪರಿಶಿಷ್ಟರಿಗೆ ಕೊಟ್ಟ ನೆಲದಂಥ ಪ್ರಸಂಗಗಳನ್ನು ಬೇರೆಯಾಗಿ ನೋಡಬೇಕೆಂದೂ ಹೇಳಿತು. ಆ ತೀರ್ಪು ಕಂಡ ಭೇದವನ್ನು ನಮ್ಮ ಕಚೇರಿಗಳೂ ಕಾಣಬೇಕು.

ಅರಣ್ಯ ಇಲಾಖೆ ಈ ಬಯಲಿಗೆ ನಿಜವಾಗಿ ಇಳಿದದ್ದು 1983ರ ನಂತರ, ಸಾಮಾಜಿಕ ಅರಣ್ಯ ಯೋಜನೆಯೊಂದಿಗೆ. ವಿಶ್ವಬ್ಯಾಂಕಿನ ಸಾಲ, ಬ್ರಿಟನ್ನಿನ ನೆರವು ಬಂತು. ರಸ್ತೆಬದಿ, ಕೆರೆ ಅಂಗಳ, ಕಾಲುವೆ ದಂಡೆ, ಗಾಯರಾಣಗಳಲ್ಲಿ ಗಿಡ ನೆಟ್ಟರು. ಜನರಿಗೆ ಮೇವು, ಉರುವಲು ಸಿಗಬೇಕೆಂಬುದು ಉದ್ದೇಶ. ಆದರೆ ರಾಜ್ಯದಲ್ಲಿ ಎದ್ದು ನಿಂತದ್ದು ಬಹುಮಟ್ಟಿಗೆ ನೀಲಗಿರಿ, ದನ ಬಾಯಿಡದ ಮರ. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟ ಊರ ನೆಲದ ನೀಲಗಿರಿ ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದರು. ಹೀಗೆ ನೆಲ ಕೊಟ್ಟದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಆ ಕಂಪನಿ ಮುಚ್ಚಿತು. ಗಾಯರಾಣ ‘ಪಡಾ ಬಿದ್ದ ನೆಲ’ ಅಲ್ಲ, ಅದಕ್ಕೆ ಬಳಸುವವರಿದ್ದಾರೆ ಎಂಬ ಮಾತನ್ನು ಸರ್ಕಾರ ಕಿವಿಗೊಟ್ಟು ಕೇಳಿದ್ದು ಕುಸನೂರಿನ ನಂತರವೇ. 1993ರ ಏಪ್ರಿಲ್ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. 1997ರಿಂದ ಜಪಾನಿನ ಸಾಲದಲ್ಲಿ ಪೂರ್ವ ಬಯಲುಸೀಮೆಗೆ ಪ್ರತ್ಯೇಕ ಅರಣ್ಯ ಯೋಜನೆ ನಡೆಯಿತು. ಯೋಜನೆ ಮುಗಿದೊಡನೆ ಅನೇಕ ಸಮಿತಿಗಳ ಸಭೆಯೂ ಮುಗಿಯಿತು. ಸಮಿತಿಗೆ ಗಿಡದ ಮೇಲೆ ಪಾಲಿತ್ತು, ನೆಲದ ಮೇಲೆ ಮಾತಿರಲಿಲ್ಲ.

ಈ ನಡುವೆ ಯಾರ ಯೋಜನೆಯೂ ಇಲ್ಲದೆ ನೆಲ ತುಂಬಿದ ಮರ ಒಂದಿದೆ. 1877ರಲ್ಲಿ ಕಡಪದ ಒಣ ಸೀಮೆಗೆ ಹೊರದೇಶದಿಂದ ತಂದ ಬಳ್ಳಾರಿ ಜಾಲಿ ಇಂದು ನಮ್ಮ ಹಳ್ಳ, ಕೆರೆ, ಪಾಳು ಹೊಲಗಳಲ್ಲೆಲ್ಲ ಇದೆ. ಅದು ಹುಲ್ಲನ್ನು ನುಂಗಿತು, ನಿಜ. ಆದರೆ ಬಡವರ ಒಲೆ ಉರಿದದ್ದೂ ಅದರಿಂದಲೇ.

ಪೋತ್ನಾಳದ ಹೆಸರು ಈ ಇತಿಹಾಸದಲ್ಲಿ ಬರಬೇಕಾದದ್ದು ಬೇವಿನ ಕಾರಣಕ್ಕೆ. 1999ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಜಾಗೃತ ಮಹಿಳಾ ಸಂಘಟನೆ ದಲಿತ ಕೃಷಿಕೂಲಿ ಹೆಣ್ಣುಮಕ್ಕಳದು. ಕೂಲಿ, ದೌರ್ಜನ್ಯ, ಮಕ್ಕಳ ಓದು ಇವುಗಳ ಜೊತೆಗೆ ಅವರು ಬದುಕಿನ ದಾರಿಯನ್ನೂ ಹುಡುಕಿದರು. ಚಿಗುರು ಎಂಬ ಹೆಸರಿನಲ್ಲಿ ಸುಟ್ಟ ಮಣ್ಣಿನ ಆಭರಣ, ಗಿಡಮೂಲಿಕೆ ಔಷಧಿ, ಬೇವಿನ ಗೊಬ್ಬರ ತಯಾರಿಸಿದರು. ಅಣುವಷ್ಟೂ ಹೊಲವಿಲ್ಲದವರಿಗೆ ಮಣ್ಣು, ಬೇರು, ಬೇವಿನ ಬೀಜ ಎಲ್ಲಿಂದ ಬರಬೇಕು? ರಸ್ತೆಬದಿ, ಹಳ್ಳದ ದಂಡೆ, ಗುಡ್ಡದ ಇಳಿಜಾರು, ಊರ ಮುಂದಿನ ಬಯಲು ಇರಬೇಕು. ಭೂಮಿಯಿಲ್ಲದವರ ಭೂಮಿಯೆಂದರೆ ಸಾರ್ವಜನಿಕ ಭೂಮಿ. ಮುಂಗಾರಿನ ಮೊದಲ ಹೊತ್ತಿಗೆ ಬೇವಿನ ಹಣ್ಣು ಉದುರುತ್ತದೆ, ಅದೇ ಹೊತ್ತಿಗೆ ಬೇಸಿಗೆಯ ಕೂಲಿ ನಿಂತಿರುತ್ತದೆ. ಆ ತಿಂಗಳಿನಲ್ಲಿ ಒಂದು ಬೇವಿನ ಮರದ ಬೆಲೆ ಎಷ್ಟೆಂಬುದು ಮರ ಕಡಿಯಲು ಅನುಮತಿ ಕೊಡುವ ಕಡತದಲ್ಲಿ ಬರುವುದಿಲ್ಲ.

2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಶುರುವಾದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರು ಒಂದು. ಗುಡ್ಡದ ಕಂದಕ, ಗಿಡ ನೆಡುವ ಗುಂಡಿ, ಹೂಳೆತ್ತಿದ ಕೆರೆ, ಇವುಗಳ ಹಿಂದೆ ಇಂಥ ಹೆಣ್ಣುಮಕ್ಕಳ ಬೆವರಿದೆ. ಅರಣ್ಯ ಇಲಾಖೆಯ ಇತಿಹಾಸ ಬರೆಯುವವರು ಸಂರಕ್ಷಣಾಧಿಕಾರಿಗಳ ಹೆಸರಿನ ಪಟ್ಟಿ ಕೊಡುತ್ತಾರೆ. ಗುಂಡಿ ತೋಡಿದವರ ಪಟ್ಟಿ ಹಾಜರಿ ಪುಸ್ತಕದಲ್ಲಿದೆ, ಅದನ್ನೂ ಕಾಯ್ದಿಡಬೇಕು.

ಕಾಡು ಯಾವುದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶ ಹೊಸ ಉತ್ತರ ಕೊಟ್ಟಿತು. ದಾಖಲೆ ಯಾರ ಹೆಸರಿನಲ್ಲಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡೆನಿಸುವುದು ಕಾಡೇ ಎಂದಿತು. ಕರ್ನಾಟಕದಲ್ಲಿ ಹೀಗೆ ಪರಿಭಾವಿತ ಅರಣ್ಯವೆಂದು ಮೊದಲು ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರು. 2022ರಲ್ಲಿ ಅದು 3.30 ಲಕ್ಷಕ್ಕೆ ಇಳಿಯಿತು. ಬಿಟ್ಟುಹೋದ ನೆಲ ಕಂದಾಯಕ್ಕೆ ಮರಳಿತು. ಒಂದೇ ಕುರುಚಲು ಗುಡ್ಡ ಒಂದು ದಶಕದಲ್ಲಿ ಕಾಡು, ಇನ್ನೊಂದು ದಶಕದಲ್ಲಿ ಕಾಡಲ್ಲ. ಅಲ್ಲಿನ ತೋಳಕ್ಕೂ ಕುರಿಗಾರನಿಗೂ ಅದು ಎರಡೂ ಕಾಲದಲ್ಲಿ ಅಡವಿಯೇ.

ಊರು ಯಾವುದೆಂಬ ಗೆರೆಯನ್ನೂ ಕಚೇರಿಯೇ ಎಳೆಯಿತು. ದೇವದುರ್ಗ, ಲಿಂಗಸುಗೂರು ಕಡೆ ದೊಡ್ಡಿಗಳಿವೆ. ದನ ಕುರಿ ಕೂಡಿಡಲು ಹಾಕಿದ ದೊಡ್ಡಿ ಮನೆಯಾಯಿತು, ಮನೆ ಹತ್ತಾಗಿ ಊರಾಯಿತು. ಆದರೆ ಕಂದಾಯದ ನಕ್ಷೆಯಲ್ಲಿ ಅವು ಊರೇ ಅಲ್ಲ. ತಾಂಡಾ, ಹಟ್ಟಿ, ಕ್ಯಾಂಪುಗಳದೂ ಇದೇ ಪಾಡು. 2017ರ ಕಾನೂನು ತಿದ್ದುಪಡಿ ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ದಾರಿ ತೆರೆಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ರಾಯಚೂರೂ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಲೆಯ ಮೇಲಿನ ಸೂರಿಗೆ ಕಾಗದ ಸಿಕ್ಕದ್ದು ದೊಡ್ಡ ಮಾತು. ದೊಡ್ಡಿಯ ಕುರಿ ಮೇಯುವ ನೆಲಕ್ಕೆ ಮಾತ್ರ ಇನ್ನೂ ಯಾರೂ ಹಕ್ಕುಪತ್ರ ಬರೆದಿಲ್ಲ.

ಈಗ ಪಹಣಿ ಕಂಪ್ಯೂಟರಿನಲ್ಲಿದೆ. ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ತೆರೆದು ನಿಂತ ಜಾಗದಲ್ಲಿ ಬೆರಳಿಟ್ಟರೆ ಸರ್ವೆ ನಂಬರು ಕಾಣುತ್ತದೆ, ಅದು ಸರ್ಕಾರಿ ನೆಲವೋ ಎಂಬುದೂ ತಿಳಿಯುತ್ತದೆ. ಗ್ರಾಮ ಆಡಳಿತಾಧಿಕಾರಿಗಳು ಸರ್ಕಾರಿ ನೆಲಗಳಿಗೆ ಖುದ್ದು ಹೋಗಿ ಗಡಿ ಗುರುತಿಸುವ ಕೆಲಸವೂ ನಡೆದಿದೆ. ಹಿಂದೆ ಪಟವಾರಿಯ ಬಸ್ತದೊಳಗಿದ್ದ ಗುಟ್ಟು ಇಂದು ಹತ್ತನೇ ತರಗತಿಯ ಹುಡುಗಿಯ ಕೈಯಲ್ಲಿದೆ.

ಈ ಸಂಚಿಕೆಯನ್ನು ಕೈಗೆತ್ತಿಕೊಂಡವರಲ್ಲಿ ಒಂದು ಬೇಡಿಕೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗುವ ಮೊದಲು ಗಾಯರಾಣದ ಸರ್ವೆ ನಂಬರುಗಳನ್ನೂ ಎಕರೆ ಗುಂಟೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದನ ಕಾಯುವವರನ್ನು, ಕಟ್ಟಿಗೆ ತರುವವರನ್ನು, ಬೇವಿನ ಬೀಜ ಆಯುವವರನ್ನು ಸಭೆಗೆ ಕರೆದೊಯ್ಯಿರಿ. ಅವರ ಎದುರಿಗೆ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.